ರಾತ್ರಿ ಬೈಕ್ ಮೀಟರ್ ಕಣ್ಣಿಗೆ ಹೊಡೆಯುತ್ತೆ, ಬೆಳಕು ಕಮ್ಮಿ ಮಾಡೋದು ಹೇಗೆ?

ತೋಟದ ರೈಟರ್, ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡೆ. ಮೈಸೂರಿನ ಹುಡುಗನೊಬ್ಬನದು, 250 ಸಿಸಿ, 19 ಸಾವಿರ ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಡ. ಗಾಡಿ ಮೇಲೆ ನನಗೇನೂ ದೂರಿಲ್ಲ, ಇರೋದೆಲ್ಲ ಮೀಟರ್ ಮೇಲೆ. ಇಷ್ಟು ವರ್ಷ ಓಡಿಸಿದ್ದು ಮುಳ್ಳಿನ ಮೀಟರ್ ಗಾಡಿ. ಮುಳ್ಳು ಎಲ್ಲಿದೆ ಅಂತ ನೋಡಿದರೆ ಮುಗೀತು. ಇದರಲ್ಲಿ ಮೊಬೈಲ್ ಥರ ಬಣ್ಣದ ಸ್ಕ್ರೀನು, ಎಡಗೈ ಹತ್ತಿರ ಎರಡು ಗುಂಡಿ, ಒತ್ತಿದಷ್ಟೂ ಮೆನು.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಮನೆ ಮಾಲ್ದಾರೆ ಕಡೆ. ಬೆಳಿಗ್ಗೆ ಏಳೂವರೆಗೆ ಹಾಜರಿ ತೆಗೆಯಬೇಕು. ಕುಯ್ಲಿನ ಟೈಮಲ್ಲಿ ಹಣ್ಣಿನ ತೂಕ ಬರೆದು, ಲೆಕ್ಕ ಮುಗಿಸಿ ಹೊರಡುವಾಗ ರಾತ್ರಿ ಎಂಟಾಗಿರುತ್ತೆ. ದಾರಿಯಲ್ಲಿ ಒಂದು ಲೈಟ್ ಕಂಬವೂ ಇಲ್ಲ. ಎರಡೂ ಕಡೆ ತೋಟ, ಬೇಲಿ, ನಡುವೆ ತಿರುವಿನ ಮೇಲೆ ತಿರುವು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಆ ದಾರಿಯಲ್ಲಿ ಯಾವ ತಿರುವಿನಲ್ಲಿ ಬೇಕಾದರೂ ಆನೆ ನಿಂತಿರಬಹುದು. ಅದರ ಮೈ ಹೆಡ್‌ಲೈಟಿಗೆ ಹೊಳೆಯೋದಿಲ್ಲ. ಮೊದಲು ರಸ್ತೆಯ ಅಂಚಿನಲ್ಲಿ ಕತ್ತಲೆ ಸ್ವಲ್ಪ ದಪ್ಪ ಅನ್ನಿಸುತ್ತೆ, ಆಮೇಲೆ ಅದು ಕಿವಿ ಆಡಿಸುತ್ತೆ.

ಈಗ ನನ್ನ ಕಷ್ಟ. ಸ್ಕ್ರೀನಿನ ಹಿನ್ನೆಲೆ ಬಿಳಿ. ರಾತ್ರಿ ಅದು ಟ್ಯೂಬ್‌ಲೈಟ್ ಹಿಡಿದು ಕೂತ ಹಾಗೆ ಮುಖಕ್ಕೆ ಹೊಡೆಯುತ್ತೆ. ಹೆಲ್ಮೆಟ್ ಗಾಜಿನ ಒಳಗೆ ಸ್ಪೀಡಿನ ನಂಬರು ತಲೆಕೆಳಗಾಗಿ ಕಾಣುತ್ತೆ. ಮಂಜು ಇದ್ದರಂತೂ ಮುಗೀತು. ಹೋದ ಶುಕ್ರವಾರ ಮೀಟರ್ ಮೇಲೆ ಕರ್ಚೀಫ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದು ಮನೆಗೆ ಬಂದೆ. ನಮ್ಮ ಮನೆಯವಳು ನೋಡಿ, ಗಾಡಿಗೆ ತಲೆನೋವಾ ಅಂತ ಕೇಳಿದಳು.

ಇನ್ನೂ ಮೂರು ಸಣ್ಣ ವಿಷಯ. ಎವರೇಜ್ ಅನ್ನೋ ಜಾಗದಲ್ಲಿ 2.6 ಅಂತ ತೋರಿಸುತ್ತೆ. ಲೀಟರಿಗೆ ಎರಡೂವರೆ ಕಿಲೋಮೀಟರ್ ಕೊಡೋಕೆ ಇದೇನು ಲಾರಿಯಾ? ಎರಡನೆಯದು, ಏರು ಹತ್ತುವಾಗ ಮೀಟರ್ ತಲೆಯ ಮೇಲೆ ಒಂದು ಬಿಳಿ ದೀಪ ಪಕಪಕ ಅನ್ನುತ್ತೆ. ಎಂಜಿನ್‌ಗೆ ಏನಾದರೂ ಆಗಿದೆಯಾ ಅಂತ ಎರಡು ಸಲ ನಿಲ್ಲಿಸಿ ನೋಡಿದೆ. ಮೂರನೆಯದು ಗಡಿಯಾರ. ವಾರಕ್ಕೊಮ್ಮೆ ತಾನಾಗಿಯೇ 12:00ಕ್ಕೆ ಹೋಗಿ ಕೂರುತ್ತೆ.

ಮೆನುವಿನ ಕೊನೆಯಲ್ಲಿ ಫ್ಯಾಕ್ಟರಿ ರೀಸೆಟ್ ಅಂತ ಇದೆ. ಒತ್ತಿದರೆ 19 ಸಾವಿರವೂ ಅಳಿಸಿಹೋದರೆ ಅಂತ ಭಯ, ಮುಟ್ಟಿಲ್ಲ. ಗಾಡಿ ಜೊತೆ ಪುಸ್ತಕ ಬಂದಿಲ್ಲ.

ಮಾಕುಟ್ಟ ಮಳೆ, ವಿರಾಜಪೇಟೆ:

ರೈಟರಣ್ಣ, ಮೊದಲು ನಿಮ್ಮ ಲಾರಿ ಲೆಕ್ಕ ಸರಿ ಮಾಡೋಣ. ಆ 2.6 ಲೀಟರಿಗೆ ಇಷ್ಟು ಕಿಲೋಮೀಟರ್ ಅಂತ ಅಲ್ಲ. 100 ಕಿಲೋಮೀಟರಿಗೆ 2.6 ಲೀಟರ್ ಅಂತ. ಯುರೋಪಿನಲ್ಲಿ ಹಾಗೇ ಲೆಕ್ಕ ಹಾಕುತ್ತಾರೆ. 100ನ್ನು 2.6ರಿಂದ ಭಾಗಿಸಿ, 38ರ ಮೇಲೆ ಬರುತ್ತೆ. ಬೇಜಾರಿಲ್ಲದ ಮೈಲೇಜ್ ಅಲ್ವಾ? ಸೆಟ್ಟಿಂಗ್ಸಿನಲ್ಲಿ ಯೂನಿಟ್ಸ್ ಅಂತ ಇರುತ್ತೆ, ಅಲ್ಲಿ ಬದಲಾಯಿಸಿ.

ಪಕಪಕ ಅನ್ನೋದು ಶಿಫ್ಟ್ ಲೈಟ್. ಗೇರ್ ಏರಿಸು ಅಂತ ಹೇಳೋದು, ಎಂಜಿನ್ ಕೆಟ್ಟಿದೆ ಅಂತ ಅಲ್ಲ. ಹೊಸ ಗಾಡಿಯ ಮೊದಲ ಸಾವಿರ ಕಿಲೋಮೀಟರಿನಲ್ಲಿ ಎಂಜಿನ್ ಜಾಸ್ತಿ ಕಿರುಚಬಾರದು ಅಂತ ಆ ಹುಡುಗ ಕಮ್ಮಿ ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋ ಲೆಕ್ಕ) ಇಟ್ಟಿರಬೇಕು, ಆಮೇಲೆ ಮರೆತಿದ್ದಾನೆ. ಶಿಫ್ಟ್ ಆರ್‌ಪಿಎಂ ಅನ್ನೋ ಕಡೆ ಹೋಗಿ ಮೇಲಕ್ಕೆ ಏರಿಸಿ, ಇಲ್ಲಾ ಆಫ್ ಮಾಡಿ. ನಾನು ಆಫೇ ಮಾಡಿದ್ದೀನಿ. ಮಾಕುಟ್ಟ ಘಾಟಿಯ ತಿರುವಿನಲ್ಲಿ ಎರಡನೇ ಗೇರಲ್ಲೇ ಎಳೆಯಬೇಕಾದಾಗ ಇದು ಕಣ್ಣ ಮುಂದೆ ಫೋಟೋ ತೆಗೆಯೋ ಹಾಗೆ ಮಿಂಚಿದರೆ ಯಾರಿಗೆ ಬೇಕು?

ಬೆಳಕಿಗೆ ಡಿಸ್‌ಪ್ಲೇ, ಅದರೊಳಗೆ ಬ್ರೈಟ್‌ನೆಸ್. ಬಹುಶಃ ಮ್ಯಾನುವಲ್ ಮಾಡಿ ಪೂರ್ತಿ ಏರಿಸಿಟ್ಟಿದ್ದಾರೆ. ಆಟೋಗೆ ಹಾಕಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಇಟ್ಟು ಮಾಡಿ. ಓಡುವಾಗ ಎಷ್ಟೋ ಗಾಡಿಗಳಲ್ಲಿ ಮೆನು ತೆರೆಯೋದೇ ಇಲ್ಲ. ಗ್ಲೌಸ್ ಕೂಡ ಬಿಚ್ಚಿ. ನಾನು ಒಂದು ಸಲ ಮಳೆಯಲ್ಲಿ ದಪ್ಪ ಗ್ಲೌಸ್ ಹಾಕಿಕೊಂಡೇ ಒತ್ತಿ, ಇರಿಟ್ಟಿಯಿಂದ ಎಣಿಸಿಕೊಂಡು ಬಂದಿದ್ದ ಟ್ರಿಪ್ ಮೀಟರ್ ಪೂರ್ತಿ ಸೊನ್ನೆ ಮಾಡಿಕೊಂಡೆ.

ಗೋಣಿಕೊಪ್ಪ ಗ್ಯಾರೇಜು:

ಮೇಲೆ ಹೇಳಿದ್ದು ಸರಿ ಇದೆ. ರೀಸೆಟ್ ಬಗ್ಗೆ ಹೆದರಬೇಡಿ. ಒಟ್ಟು ಓಡಿದ ಕಿಲೋಮೀಟರ್ ಬೇರೆಯದೇ ಮೆಮೊರಿಯಲ್ಲಿ ಕೂತಿರುತ್ತೆ, ಬ್ಯಾಟರಿ ಬಿಚ್ಚಿಟ್ಟರೂ ಅದು ಹಾಗೇ ಇರುತ್ತೆ. ಒಂದು ಗುಂಡಿ ಒತ್ತಿದರೆ ಹೋಗೋ ಹಾಗಿದ್ದರೆ ಊರಲ್ಲಿ ಇರೋ ಹಳೇ ಗಾಡಿಗಳೆಲ್ಲ ಐದೇ ಸಾವಿರ ಓಡಿರುತ್ತಿದ್ದವು. ರೀಸೆಟ್‌ನಲ್ಲಿ ಹೋಗೋದು ಟ್ರಿಪ್, ಗಡಿಯಾರ, ಯೂನಿಟ್ಸು, ಹಳೇ ಓನರ್ ಮೊಬೈಲಿನ ಬ್ಲೂಟೂತ್ ಹೆಸರು, ಇಂಥವು. ಆದರೂ ನಿಮಗೆ ರೀಸೆಟ್ ಬೇಕಿಲ್ಲ.

ಗಡಿಯಾರ ಸೆಟ್ಟಿಂಗ್ ವಿಷಯ ಅಲ್ಲ. ಸೀಟ್ ತೆಗೆದು ಬ್ಯಾಟರಿ ಟರ್ಮಿನಲ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ತೋಟದ ಕಲ್ಲುದಾರಿಯಲ್ಲಿ ಓಡೋ ಗಾಡಿಗಳಲ್ಲಿ ಬೋಲ್ಟ್ ಸಡಿಲ ಆಗೋದು ಮಾಮೂಲು. ಒಂದು ಕ್ಷಣ ಕರೆಂಟ್ ತಪ್ಪಿದರೆ ಗಡಿಯಾರ ಹನ್ನೆರಡಕ್ಕೆ ಹೋಗುತ್ತೆ. ಬೋಲ್ಟ್ ಬಿಗಿ ಇದ್ದರೆ, ಸ್ಟಾರ್ಟ್ ಒತ್ತುವಾಗ ಸ್ಕ್ರೀನ್ ಆಫ್ ಆಗಿ ಮತ್ತೆ ಬರುತ್ತಾ ನೋಡಿ. ಹಾಗಾದರೆ ಬ್ಯಾಟರಿ ವೀಕ್.

ಬೆಳಕಿನ ಬಗ್ಗೆ ಒಂದು ಮಾತು. ನಿಮ್ಮ ಹಳೇ ಗಾಡಿಯಲ್ಲಿ ಪಾರ್ಕಿಂಗ್ ಲೈಟ್ ಸ್ವಿಚ್ ತಳ್ಳಿದಾಗ ಮೀಟರಿನ ಒಳಗೆ ಸಣ್ಣ ಬಲ್ಬ್ ಹತ್ತುತ್ತಿತ್ತು. ರಾತ್ರಿ ಆಯಿತು ಅಂತ ಗಾಡಿಗೆ ನಾವೇ ಹೇಳುತ್ತಿದ್ದೆವು. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯಬೇಕು ಅಂತ ರೂಲ್ಸ್ ಆಯಿತು, ಆ ಸ್ವಿಚ್ಚೇ ಹೋಯಿತು. ಈಗ ಹೊತ್ತು ಮುಳುಗಿದ್ದು ಮೀಟರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಒಂದು ಸಣ್ಣ ಕಣ್ಣು ಇಟ್ಟಿರುತ್ತಾರೆ. ಸ್ಕ್ರೀನಿನ ಅಂಚಿನ ಕಪ್ಪು ಪಟ್ಟಿಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ ಹುಡುಕಿ. ಸಂಜೆ ಶೆಡ್‌ನಲ್ಲಿ ಆಟೋಗೆ ಹಾಕಿ, ಆ ಚುಕ್ಕೆಯ ಮೇಲೆ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ಕಾಯಿರಿ, ಸ್ಕ್ರೀನ್ ಮಂಕಾಗಬೇಕು. ಆಮೇಲೆ ಮೊಬೈಲ್ ಟಾರ್ಚ್ ಹಿಡಿಯಿರಿ, ಜೋರಾಗಬೇಕು. ಎರಡೂ ಆದರೆ ಕಣ್ಣು ಸರಿ ಇದೆ.

ಭಾಗಮಂಡಲ ಬೈಕರ್:

ನಡುವೆ ಬಾಯಿ ಹಾಕುತ್ತಿದ್ದೀನಿ, ಕ್ಷಮಿಸಿ. ನನ್ನ ಮೀಟರಿನ ಗಾಜಿನ ಒಳಗೇ ಬೆಳಿಗ್ಗೆ ಹನಿ ಕಟ್ಟಿರುತ್ತೆ. ಹತ್ತು ಗಂಟೆ ಹೊತ್ತಿಗೆ ಹೋಗುತ್ತೆ. ಬಿಚ್ಚಿಸಬೇಕಾ?

ಗೋಣಿಕೊಪ್ಪ ಗ್ಯಾರೇಜು:

ತಾನಾಗಿಯೇ ಹೋಗುತ್ತಿದ್ದರೆ ಬೇಡ. ಮೀಟರಿನ ಹಿಂದೆ ಗಾಳಿ ಆಡೋಕೆ ಸಣ್ಣ ತೂತು ಇರುತ್ತೆ, ನಮ್ಮ ಮಳೆಗಾಲದ ಗಾಳಿಯೆಲ್ಲ ಅದರಲ್ಲೇ ಒಳಗೆ ಹೋಗೋದು. ಪ್ರೆಷರ್ ವಾಶ್ ಮಾಡಿಸುವಾಗ ಮೀಟರಿಗೆ ಹಿಡಿಯಬೇಡಿ ಅಂತ ಹೇಳಿ. ಮಧ್ಯಾಹ್ನವಾದರೂ ನೀರು ನಿಂತಿದ್ದರೆ ಸೀಲ್ ಹೋಗಿದೆ ಅಂತ ಅರ್ಥ.

ತೋಟದ ರೈಟರ್, ಸಿದ್ದಾಪುರ:

ಬೋಲ್ಟ್ ಸಡಿಲ ಇತ್ತು. ಅರ್ಧ ಸುತ್ತು ತಿರುಗಿತು, ಗಡಿಯಾರ ಸರಿ ಆಯಿತು. ಎವರೇಜ್ ಈಗ 38.4 ಅಂತ ತೋರಿಸುತ್ತೆ, ಮನಸ್ಸಿಗೆ ತಂಪು. ಪಕಪಕ ದೀಪ ಬಂದ್. ಮಾಕುಟ್ಟದ ತಂಗಿ, ತುಂಬಾ ಥ್ಯಾಂಕ್ಸ್.

ಆದರೆ ಬೆಳಕಿನದು ಬೇರೆಯೇ ಕತೆ ಆಯಿತು. ಆಟೋಗೆ ಹಾಕಿದೆ. ರಾತ್ರಿ ನಿಜಕ್ಕೂ ಆರಾಮ, ಹಿನ್ನೆಲೆ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ. ಹಗಲು ಹುಚ್ಚು ಹಿಡಿದ ಹಾಗೆ ಆಡುತ್ತೆ. ತೋಟದ ದಾರಿ ನಿಮಗೆ ಗೊತ್ತಲ್ಲ, ಸಿಲ್ವರ್ ಓಕ್ ಸಾಲಿನಲ್ಲಿ ಒಂದು ಮಾರು ಬಿಸಿಲು, ಒಂದು ಮಾರು ನೆರಳು. ನೆರಳು ಬಂದರೆ ಸ್ಕ್ರೀನ್ ಕಪ್ಪು, ಬಿಸಿಲು ಬಂದರೆ ಬಿಳಿ. ಮತ್ತೆ ಕಪ್ಪು, ಮತ್ತೆ ಬಿಳಿ. ಗೇಟಿನಿಂದ ಕಣದವರೆಗೆ ಹೋಗೋದರೊಳಗೆ ಹದಿನಾಲ್ಕು ಸಲ ಬದಲಾಯಿತು. ಹೌದು, ಎಣಿಸಿದೆ. ರೈಟರ್ ಕೆಲಸ ಮಾಡಿ ಮಾಡಿ ಏನು ಕಂಡರೂ ಎಣಿಸೋ ಚಾಳಿ ಬಂದಿದೆ.

ಇನ್ನೊಂದು, ಕಣದಲ್ಲಿ ಕಾಫಿ ಹರಡಿರೋ ಕಡೆ ನೆತ್ತಿ ಸುಡೋ ಬಿಸಿಲಲ್ಲಿ ನಿಲ್ಲಿಸಿದಾಗಲೂ ಬೆಳಕು ಪೂರ್ತಿ ಬರೋದಿಲ್ಲ. ಮುಖ ಹತ್ತಿರ ತಂದು ನೋಡಬೇಕು. ಹೆಬ್ಬೆರಳು ಪರೀಕ್ಷೆ ಮಾಡಿದೆ. ಮಂಕೇನೋ ಆಗುತ್ತೆ, ಟಾರ್ಚ್ ಹಿಡಿದರೆ ಏರೋದು ಸ್ವಲ್ಪವೇ.

ಗೋಣಿಕೊಪ್ಪ ಗ್ಯಾರೇಜು:

ರೈಟರೇ, ಮೀಟರ್ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರಾ? ಉಗುರಲ್ಲಿ ಮೂಲೆ ಕೆರೆದು ನೋಡಿ. ಅದು ಸ್ವಲ್ಪ ಕಪ್ಪು ಬಣ್ಣದ್ದಾಗಿರಬೇಕು.

ತೋಟದ ರೈಟರ್, ಸಿದ್ದಾಪುರ:

ಇದೆ! ನಾನು ಗಾಜೇ ಆ ಬಣ್ಣ ಅಂದುಕೊಂಡಿದ್ದೆ. ನಿಮಗೆ ಗೋಣಿಕೊಪ್ಪದಲ್ಲಿ ಕೂತು ಹೇಗೆ ಕಂಡಿತು?

ಗೋಣಿಕೊಪ್ಪ ಗ್ಯಾರೇಜು:

ನೀವೇ ಹೇಳಿದಿರಲ್ಲ, ಬಿಸಿಲಲ್ಲೂ ಮಂಕು, ಸಣ್ಣ ನೆರಳಿಗೇ ಕಪ್ಪು. ಎರಡಕ್ಕೂ ಕಾರಣ ಒಂದೇ. ಆ ಕಣ್ಣಿಗೆ ಕೂಲಿಂಗ್ ಗ್ಲಾಸ್ ಹಾಕಿಟ್ಟಿದ್ದಾರೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡವನಿಗೆ ಮರದ ನೆರಳೇ ರಾತ್ರಿ. ಬಿಸಿಲಿಗೆ ಸ್ಕ್ರೀನ್ ಕಾಣಲ್ಲ ಅಂತ ಮೈಸೂರಿನ ಹುಡುಗ ಹಾಳೆ ಅಂಟಿಸಿರಬೇಕು. ಅಂಟಿಸಿದ ಮೇಲೆ ಆಟೋ ಸರಿಯಾಗಿ ಕೆಲಸ ಮಾಡಿಲ್ಲ, ಅದಕ್ಕೇ ಮ್ಯಾನುವಲ್‌ಗೆ ಹಾಕಿ ಪೂರ್ತಿ ಏರಿಸಿದ್ದಾನೆ. ನಿಮ್ಮ ಕರ್ಚೀಫ್‌ವರೆಗೆ ಬಂದದ್ದು ಅಲ್ಲಿಂದಲೇ.

ಕೀಳುವಾಗ ಬ್ಲೇಡ್ ಹಾಕಬೇಡಿ. ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ, ಅಂಟು ಮೆತ್ತಗಾಗುತ್ತೆ. ಮೂಲೆಯಿಂದ ನಿಧಾನ ಎಳೆಯಿರಿ. ಉಳಿದ ಅಂಟಿಗೆ ಪೆಟ್ರೋಲ್, ಥಿನ್ನರ್ ಹಚ್ಚಲೇಬೇಡಿ, ಗಾಜು ಅಂತ ನಾವು ಅನ್ನೋದು ಪ್ಲಾಸ್ಟಿಕ್ಕು, ಬೆಳ್ಳಗಾಗಿಬಿಡುತ್ತೆ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು.

ಆಮೇಲೂ ದಟ್ಟ ನೆರಳಲ್ಲಿ ಬದಲಾಗುತ್ತಿದ್ದರೆ ಒಂದು ಉಪಾಯ. ಎಷ್ಟೋ ಗಾಡಿಗಳಲ್ಲಿ ಥೀಮ್, ಅಂದರೆ ಹಿನ್ನೆಲೆ ಬಣ್ಣ ಬೇರೆ, ಬ್ರೈಟ್‌ನೆಸ್ ಬೇರೆ. ಥೀಮನ್ನು ನೈಟ್‌ಗೆ ಹಾಕಿ ಅಲ್ಲೇ ಬಿಟ್ಟುಬಿಡಿ, ಹಗಲೂ ಕಪ್ಪೇ ಇರಲಿ. ಬ್ರೈಟ್‌ನೆಸ್ ಒಂದನ್ನು ಮಾತ್ರ ಆಟೋದಲ್ಲಿ ಇಡಿ.

ಮಾಕುಟ್ಟ ಮಳೆ, ವಿರಾಜಪೇಟೆ:

ನಾನೂ ಹಾಗೇ ಇಟ್ಟಿರೋದು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕಂತೆ. ಕೆಡೋಕೆ ಒಂದು ಸಲ ಜೋರು ಬೆಳಕು ನೋಡಿದರೆ ಸಾಕು. ಮೊಬೈಲ್ ಜೋಡಿಸಿದ್ದರೆ ಕಾಲ್, ಮೆಸೇಜ್ ಮೀಟರಲ್ಲಿ ಬರೋದನ್ನೂ ಆಫ್ ಮಾಡಿ ಅಣ್ಣ. ಕತ್ತಲಲ್ಲಿ ಯಾರದೋ ಗುಡ್ ನೈಟ್ ಮೆಸೇಜಿಗೆ ಸ್ಕ್ರೀನ್ ಬೆಳಗೋದು ಬೇಡ.

ತೋಟದ ರೈಟರ್, ಸಿದ್ದಾಪುರ:

ಹಾಳೆ ಬಂತು, ಒಂದೇ ತುಂಡಾಗಿ. ಮಧ್ಯಾಹ್ನ ಕಣದಲ್ಲಿ ಗಾಡಿ ನಿಲ್ಲಿಸಿ ಊಟ ಮಾಡಿ ಬರೋದರೊಳಗೆ ಅಂಟು ಮೆತ್ತಗಾಗಿತ್ತು. ಚುಕ್ಕೆಯೂ ಈಗ ಸ್ಪಷ್ಟವಾಗಿ ಕಂಡಿತು, ಸ್ಕ್ರೀನಿನ ಬಲಗಡೆ ಮೇಲೆ. ಅದರ ಸುತ್ತ ಕೆಂಪು ಧೂಳು ಕೂತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಈಗ ಗೇಟಿನಿಂದ ಕಣದವರೆಗೆ ಬದಲಾಗಿದ್ದು ಮೂರೇ ಸಲ, ಅದೂ ಹಳೇ ಹಲಸಿನ ಮರದ ಬುಡಗಳಲ್ಲಿ. ಆ ಮೂರೂ ಬೇಡ ಅಂತ ಥೀಮ್ ನೈಟ್‌ಗೆ ಹಾಕಿಬಿಟ್ಟೆ. ಬಿಸಿಲಲ್ಲಿ ಬಿಳಿಯಷ್ಟು ಚೆನ್ನಾಗಿ ಕಾಣೋದಿಲ್ಲ, ನಿಜ. ಆದರೆ ಜೂನ್ ಬಂದರೆ ಇಲ್ಲಿ ಬಿಸಿಲು ನೋಡೋರು ಯಾರು?

ನಿನ್ನೆ ಎಂಟೂಕಾಲಿಗೆ ಹೊರಟೆ. ತೋಟದ ಕೆಲಸದವರ ಲೈನ್ ಮನೆಗಳ ದೀಪ ದಾಟಿದ ಮೇಲೆ ಪೂರ್ತಿ ಕತ್ತಲೆ. ಮೀಟರಲ್ಲಿ ಗೇರ್ ನಂಬರು, ಸ್ಪೀಡು, ಇಷ್ಟೇ ಕಾಣುತ್ತಿತ್ತು. ಹೆಡ್‌ಲೈಟ್ ತಲುಪೋದಕ್ಕಿಂತ ಆಚೆ ಬೇಲಿಯ ಕಲ್ಲುಕಂಬಗಳು ಒಂದೊಂದಾಗಿ ಕಾಣುತ್ತಿದ್ದವು. ಅವು ಅಲ್ಲಿವೆ ಅಂತಲೇ ಈ ಒಂದು ತಿಂಗಳು ನನಗೆ ಮರೆತುಹೋಗಿತ್ತು. ಆನೆ ಇರಲಿಲ್ಲ. ಒಂದು ಕಡೆ ಲದ್ದಿ ಬಿದ್ದಿತ್ತು, ಇನ್ನೂ ಹಬೆ ಆಡುತ್ತಿತ್ತು. ಹಾರನ್ ಮಾಡದೆ, ನಿಲ್ಲಿಸದೆ ಸುಮ್ನೆ ದಾಟಿಕೊಂಡು ಬಂದೆ.

ಗಡಿಯಾರ ಮಾತ್ರ ಬೇಕಂತಲೇ ಏಳು ನಿಮಿಷ ಮುಂದೆ ಇಟ್ಟಿದ್ದೀನಿ. ಹಾಜರಿ ಪುಸ್ತಕ ತೆರೆಯೋ ಹೊತ್ತಿಗೆ ರೈಟರೇ ಲೇಟ್ ಅನ್ನಿಸಿಕೊಳ್ಳಬಾರದಲ್ಲ.