ಪದಚರ್ಚೆ: ‘ಫ್ಲೇವರ್’ಗೆ ಕನ್ನಡದಲ್ಲಿ ಏನು? ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು

ಅನುವಾದಕಿ, ಬೆಂಗಳೂರು:

ಬಳಗದವರಿಗೆ ನಮಸ್ಕಾರ. ಸ್ವಲ್ಪ ತುರ್ತು. ಉಪ್ಪು ಇಳಿಸಿದ ಸಾರಿನ ಪುಡಿ, ಸಕ್ಕರೆ ಇಳಿಸಿದ ರಾಗಿ ಬಿಸ್ಕತ್ತು, ಇವೆರಡನ್ನೂ ಜನರಿಗೆ ಕೊಟ್ಟು ಅಭಿಪ್ರಾಯ ಕೇಳುವ ‘ಸಂವೇದನಾ ವಿಜ್ಞಾನ’ದ (ತಿನಿಸನ್ನು ನೋಡಿ, ಮೂಸಿ, ತಿಂದು ಅಳೆಯುವ ವಿದ್ಯೆ) ಅಂಕಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾಲಂಗಳು: ಅಪಿಯರೆನ್ಸ್, ಅರೋಮಾ, ಟೇಸ್ಟ್, ಫ್ಲೇವರ್, ಮೌತ್‌ಫೀಲ್ (ಬಾಯಿಗೆ ತಾಕುವ ಬಗೆ), ಆಫ್ಟರ್‌ಟೇಸ್ಟ್. ನೋಟ, ಪರಿಮಳ, ರುಚಿ ಅಂತ ಸಲೀಸಾಗಿ ಬಂದವಳು ನಾಲ್ಕನೆಯದರಲ್ಲಿ ಸಿಕ್ಕಿಕೊಂಡಿದ್ದೇನೆ. ಹಳೆಯ ಪಟ್ಟಿಯಲ್ಲಿ ಯಾರೋ ‘ಸ್ವಾದ’ ಅಂತ ಹಾಕಿದ್ದರು. ತುಂಬಿ ಬಂದ ಹಾಳೆಗಳನ್ನು ತರಿಸಿಕೊಂಡು ನೋಡಿದೆ. ರುಚಿಗೆ ಕೊಟ್ಟ ಅಂಕವನ್ನೇ ಸ್ವಾದಕ್ಕೂ ಕೊಟ್ಟಿದ್ದಾರೆ. ಒಬ್ಬರಂತೂ ‘ಮೇಲಿನಂತೆಯೇ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ತುಂಬುವವರು ಗೃಹಿಣಿಯರು ಮತ್ತು ಪಿಯುಸಿ ಹುಡುಗರು. ಅವರಿಗೆ ಅರ್ಥವಾಗುವ ಪದ ಹೇಳಿ.

ಮೇಷ್ಟ್ರು, ಧಾರವಾಡ:

ಸ್ವಾದ ಸರಿ ಅದ. ನಿಘಂಟು ನೋಡ್ರಿ.

ಅನುವಾದಕಿ:

ಸರ್, ನಿಘಂಟು ನೋಡಿಯೇ ಇಲ್ಲಿಗೆ ಬಂದದ್ದು. ಅದರಲ್ಲಿ ಸ್ವಾದ ಅಂದರೆ ರುಚಿ, ರುಚಿ ಅಂದರೆ ಸ್ವಾದ.

ಬೇರುನುಡಿ:

ಸವಿಗಂಪು. ಸವಿ ನಾಲಗೆಯದು, ಕಂಪು ಮೂಗಿನದು. ಎರಡೂ ಒಂದೇ ಪದದಲ್ಲಿ ಕೂತವು. ಸಕ್ಕದದ (ಸಂಸ್ಕೃತದ) ಸ್ವಾದ, ರುಚಿಗಳಿಗೆ ಇನ್ನೂ ಎಶ್ಟು ದಿನ ಜೋತುಬೀಳುವುದು? ‘ಸಂವೇದನಾ ವಿಜ್ಞಾನ’ ಎಂದು ಬರೆದು ಯಾರನ್ನು ಹೆದರಿಸುತ್ತಿದ್ದೀರಿ? ‘ತಿನಿಸರಿಮೆ’ ಎಂದರೆ ಸಾಕು.

ಮೇಷ್ಟ್ರು, ಧಾರವಾಡ:

ಹಳಸಿದ ಸಾರಿನ ಸವಿಗಂಪು! ಚಲೋ ಆತು. ಸವಿ ಅಂದಮ್ಯಾಲೆ ಅದು ಛಂದ ಇರಲೇಬೇಕು. ಸವಿಮಾತು, ಸವಿನೆನಪು. ‘ಕಹಿ ಸವಿ’ ಅಂತ ಯಾರಾದ್ರೂ ಅಂದದ್ದು ಕೇಳೀರೇನು? ಕಂಪೂ ಹಂಗ. ಒಳ್ಳೇದಕ್ಕಷ್ಟ ಹೇಳೂ ಎರಡು ಪದ ಗಂಟುಹಾಕಿ ಅಳತೀಪಟ್ಟಿಯೊಳಗ ಇಟ್ರ ಏನು ಅಳೀತೀರಿ?

ನಿವೃತ್ತ, ಮೈಸೂರು:

ಮೇಷ್ಟ್ರು ಹಿಡಿದ ಎಳೆ ಸರಿಯಾಗಿದೆ, ಅದನ್ನು ಇನ್ನೂ ಎಳೆಯಬೇಕು. ನಾನು ಆಹಾರ ಪರೀಕ್ಷೆಯ ಕೆಲಸದಲ್ಲೇ ಇದ್ದವನು. ಕನ್ನಡದಲ್ಲಿ ಮೂಗಿನ ಪದಗಳೆಲ್ಲ ತೀರ್ಪು ಕೊಟ್ಟೇ ಹುಟ್ಟಿದಂತಿವೆ. ಪರಿಮಳ, ಕಂಪು, ಘಮ: ಹೊಗಳಿಕೆ. ನಾತ, ಗಬ್ಬು: ತೆಗಳಿಕೆ. ‘ವಾಸನೆ’ ಗ್ರಂಥದಲ್ಲಿ ತಟಸ್ಥ, ಅಡುಗೆಮನೆಯಲ್ಲಿ ಅಲ್ಲ. ‘ಹಾಲು ವಾಸನೆ ಬರ್ತಿದೆ’ ಅಂದರೆ ಹಾಲು ಚರಂಡಿಗೆ. ರುಚಿಯ ಪಾಡೂ ಅದೇ. ‘ರುಚಿ ಹೇಗಿದೆ’ ಎಂದು ಕೇಳಿದರೆ ‘ರುಚಿಯಾಗಿದೆ’ ಅನ್ನುತ್ತಾರೆ. ಎಷ್ಟು ಉಪ್ಪು, ಎಷ್ಟು ಹುಳಿ ಅಂತ ಹೇಳುವುದಿಲ್ಲ.

ಈಗ ಫ್ಲೇವರ್ ಅಂದರೇನು ಅಂತ ಒಮ್ಮೆ ಸ್ಪಷ್ಟ ಮಾಡಿಕೊಳ್ಳೋಣ. ಎರಡು ಬೆರಳಿಂದ ಮೂಗು ಗಟ್ಟಿ ಹಿಡಿದು ಒಂದೆರಡು ಏಲಕ್ಕಿ ಕಾಳು ಅಗಿಯಿರಿ. ಸ್ವಲ್ಪ ಕಹಿ, ಸ್ವಲ್ಪ ಚುರುಚುರು, ಅಷ್ಟೆ. ಬೆರಳು ಬಿಡಿ. ಏಲಕ್ಕಿ ಬಂತು! ಅಗಿಯುವಾಗ ಎದ್ದ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಮಿದುಳು ಅದನ್ನು ಬಾಯಲ್ಲೇ ಆದದ್ದೆಂದು ಲೆಕ್ಕ ಹಾಕುತ್ತದೆ. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಕುದಿಸಿದ ಸಾರಿನಂಥ ತುಂಬು ರುಚಿ). ಮಿಕ್ಕಿದ್ದರಲ್ಲಿ ಬಹುಪಾಲು ಈ ಹಿಂಬಾಗಿಲಿನದು. ನೆಗಡಿಯಾದಾಗ ‘ನಾಲಗೆ ರುಚಿ ಸತ್ತಿದೆ’ ಅನ್ನುತ್ತೇವಲ್ಲ, ಪಾಪ, ನಾಲಗೆಯ ತಪ್ಪೇನೂ ಇಲ್ಲ.

ಉಪ್ಪು ಇಳಿಸುವವರಿಗೆ ಇದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಹಾಗೇ ಇಳಿಸಿದರೆ ಸಾರು ಸಪ್ಪೆ. ಜೀರಿಗೆ, ಇಂಗಿನ ಒಗ್ಗರಣೆ ಜೋರು ಮಾಡಿ, ಹುಳಿ ಒಂದಿಷ್ಟು ಏರಿಸಿದರೆ ಆ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಇದು ನಿಜಕ್ಕೂ ಆಗುತ್ತಿದೆಯೇ ಎಂದು ನೋಡಲಿಕ್ಕೇ ಆ ಪಟ್ಟಿಯಲ್ಲಿ ಟೇಸ್ಟ್ ಬೇರೆ, ಫ್ಲೇವರ್ ಬೇರೆ ಇಟ್ಟಿದ್ದಾರೆ. ಎರಡಕ್ಕೂ ಒಂದೇ ಅಂಕ ಬಂದರೆ ಆ ಹಾಳೆ ರದ್ದಿಗೆ.

ಅಂದಹಾಗೆ, ಬೇರುನುಡಿಯವರೇ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಇದೆ, ಅಲ್ಲಿ ಸಂವೇದನಾ ವಿಜ್ಞಾನದ ವಿಭಾಗವೂ ಇದೆ. ಯಾರೂ ಹೆದರಿ ಓಡಿಹೋಗಿಲ್ಲ.

ಕೋಡುಗಾರ, ನ್ಯೂಜೆರ್ಸಿ:

ಇಷ್ಟೆಲ್ಲ ಯಾಕೆ? ‘ಫ್ಲೇವರ್’ ಅಂತಲೇ ಬರೀರಿ. ಐಸ್‌ಕ್ರೀಮ್ ಅಂಗಡೀಲಿ ‘ಯಾವ ಫ್ಲೇವರ್ ಬೇಕು’ ಅಂತ ಯಾವ ಊರಲ್ಲಾದರೂ ಕೇಳ್ತಾರೆ. ಬಸ್ಸು, ಟಿಕೆಟ್ಟು, ಬಿಸ್ಕತ್ತು ಒಪ್ಪಿದವರಿಗೆ ಇದೊಂದು ಭಾರವಾ?

ಅನುವಾದಕಿ:

ಅಂಗಡಿಯಲ್ಲಿ ಫ್ಲೇವರ್ ಅಂದರೆ ಬಗೆ. ಪಿಸ್ತಾ, ವೆನಿಲಾ, ಮ್ಯಾಂಗೊ. ‘ಈ ಸಾರಿನ ಫ್ಲೇವರ್ ಹೇಗಿದೆ’ ಎಂದು ಎದುರುಮನೆಯವರನ್ನು ಕೇಳಿ ನೋಡಿದೆ. ‘ಇದರಲ್ಲಿ ಎಷ್ಟು ಫ್ಲೇವರ್ ಬರುತ್ತೆ?’ ಅಂತ ನನ್ನನ್ನೇ ಕೇಳಿದರು.

ತೋಟದವ, ತೀರ್ಥಹಳ್ಳಿ:

ಮೌತ್‌ಫೀಲ್ ಬಗ್ಗೆ ಯಾರೂ ಮಾತೇ ಆಡ್ತಿಲ್ಲವಲ್ಲ. ರಾಗಿ ಬಿಸ್ಕತ್ತು ಅಂದಮೇಲೆ ಒಗರು ಬರಲೇಬೇಕು, ಅದನ್ನು ಯಾವ ಕಾಲಂನಲ್ಲಿ ಬರೀತಾರೆ? ನಮ್ಮ ಕಡೆ ಅಡಿಕೆ ಬೇಯಿಸಿದ ನೀರು ಇಂಗಿ ಗಟ್ಟಿಯಾದರೆ ಚೊಗರು. ಕೆಂಪಗೆ, ಬೆರಳಿಗೆ ಅಂಟುವ ಹಾಗೆ. ಕೆಂಪಡಿಕೆಗೆ ಬಣ್ಣ ಕಟ್ಟುವುದು ಅದರಿಂದಲೇ. ನಾಲಗೆಗೆ ಒಂದು ತೊಟ್ಟು ಸೋಕಿದರೆ ಬಾಯೆಲ್ಲ ಒಣಗಿ ಕೆನ್ನೆ ಒಳಕ್ಕೆ ಎಳೆಯುತ್ತೆ. ಈ ಚೊಗರೇ ಒಗರು ಆಗಿದೆ ಅಂತ ನನ್ನ ವಾದ. ಬಣ್ಣಕ್ಕೂ ಬಾಯಿಗೂ ಒಂದೇ ಪದ.

ಮೇಷ್ಟ್ರು, ಧಾರವಾಡ:

ತಮಿಳಿನ ‘ತುವರ್’ ನೋಡ್ರಿ, ಕೆಂಪು ಅಂತನೂ ಅದ, ಒಗರು ಅಂತನೂ ಅದ. ನಮ್ಮ ‘ತೊಗರು’ ಅದೇ. ಚೊಗರನ್ನ ಅದರ ಬಾಜೂಕ ಇಡಬಹುದು, ಒಪ್ಪಿದೆ. ಆದ್ರ ‘ಒಗರು’ ಆಗಬೇಕಾದ್ರ ಮೊದಲಿನ ವ್ಯಂಜನ ಎಲ್ಲಿ ಹೋತು? ಇಂಥದೇ ಇನ್ನೊಂದು ಪದ ತೋರಸ್ರಿ, ಆಮ್ಯಾಲೆ ಮಾತಾಡೋಣು.

ತೋಟದವ:

ಬಾಯಿ ಒಣಗಿದಾಗ ವ್ಯಂಜನ ಎಲ್ಲಿ ಹೊರಡುತ್ತೆ ಮೇಷ್ಟ್ರೇ?

ಮೇಷ್ಟ್ರು:

ಇದು ವ್ಯುತ್ಪತ್ತಿ ಅಲ್ಲ, ಹರಟೆ.

ನಿವೃತ್ತ, ಮೈಸೂರು:

ಬೇರು ಏನೇ ಇರಲಿ, ಪ್ರಶ್ನೆ ಒಳ್ಳೆಯದು. ರಾಗಿ ಕಾಳಿನ ಕೆಂಪು ಸಿಪ್ಪೆಯಲ್ಲಿ ಟ್ಯಾನಿನ್ ಥರದ ಪದಾರ್ಥಗಳಿವೆ. ಅವು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಬಾಯಿಯ ಜಾರು ಹೋಗುತ್ತದೆ, ಆ ಒರಟುತನವೇ ಒಗರು. ಹಾಗಾಗಿ ಇಂದಿನ ವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಸ್ಪರ್ಶದ ಲೆಕ್ಕಕ್ಕೆ ಹಾಕುತ್ತಾರೆ. ಖಾರವೂ ರುಚಿಯಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಿಸುವ ನರದ ಬಾಗಿಲನ್ನೇ ಮೆಣಸಿನಕಾಯಿಯೂ ತಟ್ಟುತ್ತದೆ. 1997ರಲ್ಲಿ ಅದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಒಗರು, ಖಾರ ಎರಡನ್ನೂ ‘ಬಾಯಿಗೆ ಹೇಗನಿಸಿತು’ ಕಾಲಂಗೆ ತಳ್ಳಿ.

ಸಂಪ್ರದಾಯಸ್ಥ, ಉಡುಪಿ:

ಆರು ರಸಗಳಲ್ಲಿ ಎರಡನ್ನು ಇಷ್ಟು ಸುಲಭವಾಗಿ ಹೊರಗೆ ಹಾಕಿದಿರಾ? ಮಧುರ, ಆಮ್ಲ, ಲವಣ, ಕಟು (ಖಾರ), ತಿಕ್ತ (ಕಹಿ), ಕಷಾಯ (ಒಗರು). ಚರಕಸಂಹಿತೆ ಓದಿದವರು ಈ ಬಳಗದಲ್ಲಿ ಯಾರೂ ಇಲ್ಲವೇ? ಜಪಾನಿನವರು ‘ಉಮಾಮಿ’ ಅಂದ ಕೂಡಲೇ ತಲೆಬಾಗಿ ಒಳಗೆ ಕರೆದುಕೊಳ್ಳುತ್ತೀರಿ, ಮನೆಯ ಕಷಾಯ ಹೊರಗೆ ನಿಲ್ಲಬೇಕು.

ನಿವೃತ್ತ, ಮೈಸೂರು:

ಆಯುರ್ವೇದದ ರಸ ಬರೀ ನಾಲಗೆಯ ಮಾತಲ್ಲ, ಮೈಮೇಲೆ ಏನು ಮಾಡುತ್ತದೆ ಅನ್ನುವುದೂ ಅದರಲ್ಲಿ ಸೇರಿದೆ. ಎರಡು ಬೇರೆ ಲೆಕ್ಕ. ಉಮಾಮಿಯನ್ನು ಟೋಕಿಯೊದಲ್ಲಿ ಕಿಕುನೆ ಇಕೆಡಾ ಹೆಸರಿಸಿದ್ದು 1908ರಲ್ಲಿ. ಕಡಲಪಾಚಿಯ ಸಾರಿನಿಂದ ಆ ರುಚಿ ಕೊಡುವ ಗ್ಲುಟಮೇಟ್ ತೆಗೆದು ತೋರಿಸಿದರು. ಆದರೂ ಉಳಿದ ಜಗತ್ತು ಅದನ್ನು ಮೂಲರುಚಿ ಎಂದು ಒಪ್ಪಲು ದಶಕಗಳೇ ಹಿಡಿದವು. ತಲೆಬಾಗಿ ಅಲ್ಲ ಸ್ವಾಮಿ, ತಕರಾರು ಮಾಡಿಯೇ ಕರೆದುಕೊಂಡದ್ದು.

ಬೇರುನುಡಿ:

ಉಮಾಮಿ ಬರಬಹುದು, ಕಶಾಯ ಇರಬಹುದು, ಸವಿಗಂಪು ಮಾತ್ರ ಬೇಡ! ಮೆಣಸಿನಕಾಯಿ ಕಡಲಾಚೆಯಿಂದ ಬಂದಾಗ ನಮ್ಮ ಹಿರಿಯರು ಪೋರ‍್ಚುಗೀಸರ ಪದ ಕೇಳಲಿಲ್ಲ. ಮೆಣಸು ಇತ್ತು, ಕಾಯಿ ಇತ್ತು, ಕೂಡಿಸಿದರು. ಆಗ ಯಾರೂ ನಿಗಂಟು ನೋಡಿರಲಿಲ್ಲ.

ಕೋಡುಗಾರ:

ಹೌದು, ಆದರೆ ಆಲೂಗೆಡ್ಡೆಯ ‘ಆಲೂ’ ಸಂಸ್ಕೃತದ ‘ಆಲು’ವಿನಿಂದ ಬಂದದ್ದು. ಅದಕ್ಕೆ ಏನು ಹೇಳ್ತೀರಿ?

ಬೇರುನುಡಿ:

ಗೆಡ್ಡೆ ನಮ್ಮದು.

ಓದುಗಿ, ಮಾಗಡಿ:

ಇಷ್ಟು ಜನ ಇದ್ದೂ ‘ಸೊಗಡು’ ಯಾರ ಬಾಯಲ್ಲೂ ಬರಲಿಲ್ಲವಲ್ಲ. ನಮ್ಮಲ್ಲಿ ಅವರೆಕಾಯಿ ಕೊಳ್ಳುವಾಗ ಮೊದಲು ನೋಡುವುದು ಸೊಗಡು. ಎರಡು ಕಾಯಿ ಅಂಗೈಯಲ್ಲಿ ಉಜ್ಜಿ ಮೂಸಿ, ಜಿಡ್ಡು ಕೈಗೆ ಹತ್ತಿದರೆ ಮಾತ್ರ ತೂಕಕ್ಕೆ. ಸೊಗಡಿಲ್ಲದ ಅವರೆಗೆ ಎಷ್ಟು ಉಪ್ಪು ಸುರಿದರೂ ಅಷ್ಟೆ. ಕೆಲವರಿಗೆ ಈ ಸೊಗಡು ಹಿಡಿಸುವುದಿಲ್ಲ, ಅವರೂ ಅದನ್ನು ಸೊಗಡು ಅಂತಲೇ ಕರೆಯುತ್ತಾರೆ. ನಿವೃತ್ತರು ಹುಡುಕುತ್ತಿರುವ ತೀರ್ಪಿಲ್ಲದ ಪದ ಇದೇ ಇರಬಹುದು.

ಮೇಷ್ಟ್ರು, ಧಾರವಾಡ:

‘ಗ್ರಾಮೀಣ ಸೊಗಡು’, ‘ಜಾನಪದ ಸೊಗಡು’ ಅಂತ ಪೇಪರಿನವರು ಅದನ್ನ ಹಿಂಡಿ ಇಟ್ಟಾರ. ಈಗ ಸಾರಿನಪುಡಿಗೂ ಬೇಕಾತೇನು?

ನಿವೃತ್ತ, ಮೈಸೂರು:

ಪದ ಸೊಗಸಾಗಿದೆ. ಆದರೆ ಅವರೆಯ ಸೊಗಡು ಅಂಗೈಯಿಂದ ನೇರ ಮೂಗಿಗೆ ಬರುವುದು. ನಮಗೆ ಬೇಕಾದದ್ದು ಬಾಯಿ ಮುಚ್ಚಿದ ಮೇಲೆ ಬರುವುದು. ತರಬೇತಾದ ತಂಡಕ್ಕಾದರೆ ‘ಸೊಗಡು’ ಧಾರಾಳವಾಗಿ ಇಡಬಹುದು. ಅಂಥವರನ್ನು ಕೂರಿಸಿ, ಮಾದರಿ ತಿನ್ನಿಸಿ, ‘ಇದಕ್ಕೆ ನಾವು ಹೀಗನ್ನೋಣ’ ಎಂದು ಮೊದಲೇ ಒಪ್ಪಿಸಿರುತ್ತಾರೆ. ಅವರಿಗೆ ಯಾವ ಪದವಾದರೂ ನಡೆಯುತ್ತದೆ. ಗೃಹಿಣಿಯರಿಗೆ ಆ ಪಾಠ ಇಲ್ಲ. ಅವರಿಗೆ ನಾಮಪದ ಕೊಡಲೇಬೇಡಿ, ಪ್ರಶ್ನೆ ಕೊಡಿ.

ಇನ್ನೊಂದು ಮಾತು. ಮೇಡಂ, ಅಂಕದ ಮೆಟ್ಟಿಲುಗಳನ್ನು ಹೇಗೆ ಅನುವಾದಿಸಿದ್ದೀರಿ? ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಸಿಪಾಯಿಗಳ ಊಟಕ್ಕೆಂದು ಮಾಡಿಸಿದ 9 ಮೆಟ್ಟಿಲಿನ ಅಳತೆಯೇ ತಾನೆ?

ಅನುವಾದಕಿ:

ಅದೇ ಸರ್. ಅತಿ ಇಷ್ಟ, ತುಂಬಾ ಇಷ್ಟ, ಸಾಧಾರಣ ಇಷ್ಟ, ಸ್ವಲ್ಪ ಇಷ್ಟ, ನಡುವೆ ‘ಪರವಾಗಿಲ್ಲ’, ಆಮೇಲೆ ಇಷ್ಟವಿಲ್ಲದ ನಾಲ್ಕು.

ನಿವೃತ್ತ:

‘ಪರವಾಗಿಲ್ಲ’ ತೆಗೆಯಿರಿ. ಅದು ನಡುವಿನ ಮೆಟ್ಟಿಲಲ್ಲ. ಸೊಸೆ ಮಾಡಿದ ಸಾರಿಗೆ ಅತ್ತೆ ‘ಪರವಾಗಿಲ್ಲ’ ಅಂದರೆ 8 ಅಂಕ, ನೆಂಟರ ಮನೆಯಲ್ಲಿ ಅಂದರೆ 3. ‘ಸಾಧಾರಣ ಇಷ್ಟ’ವೂ ಅಪಾಯ, ಓದುವವರು ಅದನ್ನು ‘ಸ್ವಲ್ಪ ಇಷ್ಟ’ಕ್ಕಿಂತ ಕೆಳಗೆ ಇಟ್ಟುಬಿಡುತ್ತಾರೆ. ಪದದ ಪಕ್ಕದಲ್ಲಿ 1ರಿಂದ 9 ಅಂಕಿ ಹಾಕಿ, ನಡುವೆ ‘ಇಷ್ಟವೂ ಅಲ್ಲ, ಬೇಡವೂ ಅಲ್ಲ’ ಎಂದು ಬರೆಯಿರಿ.

ಓದುಗಿ, ಮಾಗಡಿ:

ಮೇಜಿನ ಮುಂದೆ ಫಲಕವೂ ಇರುತ್ತಾ? ಏನಂತ ಬರೀತೀರಿ?

ಅನುವಾದಕಿ:

ಕೆಲಸ ಕೊಟ್ಟವರು ‘ಆರೋಗ್ಯಕ್ಕಾಗಿ ಉಪ್ಪು ಕಡಿಮೆ ಮಾಡಿದ ಸಾರು’ ಅಂತ ಕಳಿಸಿದ್ದಾರೆ.

ನಿವೃತ್ತ, ಮೈಸೂರು:

ಅಯ್ಯೋ, ತಿನ್ನುವ ಮೊದಲೇ ಅದನ್ನು ತೋರಿಸಿದರೆ ಅರ್ಧ ಜನಕ್ಕೆ ಸಪ್ಪೆ ಅನಿಸುತ್ತದೆ! ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಇದೆ. ಒಂದೇ ತರಕಾರಿ, ಮಾಡುವ ರೀತಿಯೂ ಒಂದೇ, ಹೆಸರು ಮಾತ್ರ ದಿನಕ್ಕೊಂದು ಥರ. ಬಾಯಲ್ಲಿ ನೀರೂರಿಸುವ ಹೆಸರಿಟ್ಟ ದಿನ, ಬರೀ ತರಕಾರಿಯ ಹೆಸರಿಟ್ಟ ದಿನಕ್ಕಿಂತ 25% ಹೆಚ್ಚು ಜನ ಬಡಿಸಿಕೊಂಡರು. ‘ಸಕ್ಕರೆ ಹಾಕಿಲ್ಲ’ ಎಂಬಂಥ ಪಥ್ಯದ ಹೆಸರಿಗೆ ಹೋಲಿಸಿದರೆ 41% ಹೆಚ್ಚು. ನಿಮ್ಮದು ಪರೀಕ್ಷೆ, ಮಾರಾಟವಲ್ಲ. ಹಾಗಾಗಿ ಎರಡೂ ಬೇಡ, ಲೋಟದ ಮೇಲೆ ಮೂರಂಕಿಯ ಒಂದು ಗುರುತು ಸಾಕು. ಪ್ಯಾಕೆಟ್ಟಿನ ಮೇಲೆ ಏನು ಬರೆಯಬೇಕು ಅನ್ನುವುದು ಆಮೇಲಿನ ಮಾತು.

ಬೇರುನುಡಿ:

ಪ್ಯಾಕೆಟ್ಟಿಗೆ: ‘ಒಗ್ಗರಣೆ ಗಮ್ಮೆನ್ನುವ ಸಾರು’. ಇದರಲ್ಲಿ ಸಕ್ಕದ ಎಲ್ಲಿದೆ, ತೋರಿಸಿ.

ಮೇಷ್ಟ್ರು, ಧಾರವಾಡ:

ಇದು ಚಲೋ ಅದ. ಪ್ಯಾಕೆಟ್ ಮಾತ್ರ ಇಂಗ್ಲಿಷು.

ಅನುವಾದಕಿ:

ಎಲ್ಲರಿಗೂ ವಂದನೆ. ಅಚ್ಚಿಗೆ ಹೋಗುತ್ತಿರುವುದು ಇಷ್ಟು. ಅರೋಮಾ: ‘ಲೋಟ ಮೂಗಿನ ಹತ್ತಿರ ತಂದಾಗ ಬಂದ ಘಮ’. ಟೇಸ್ಟ್ ಅನ್ನು ಒಡೆದು ‘ಉಪ್ಪು’, ‘ಹುಳಿ’, ‘ಕಹಿ’ ಅಂತ ಮೂರು ಸಾಲು ಮಾಡಿ ‘ಕಡಿಮೆ, ಹದ, ಜಾಸ್ತಿ’ ಇಟ್ಟಿದ್ದೇನೆ, ಬಿಸ್ಕತ್ತಿಗೆ ಉಪ್ಪು, ಹುಳಿಯ ಬದಲು ‘ಸಿಹಿ’. ಫ್ಲೇವರ್: ‘ಬಾಯಲ್ಲಿಟ್ಟು ನುಂಗುವಾಗ ಮೂಗಿನವರೆಗೆ ಬಂದ ಘಮ’. ಮೌತ್‌ಫೀಲ್: ‘ಬಾಯಿಗೆ ಹೇಗನಿಸಿತು’, ಕೆಳಗೆ ಒಗರು, ತರಿತರಿ, ಗರಿಗರಿ, ಖಾರ. ಇಷ್ಟವಾಯಿತೇ ಎಂಬುದಕ್ಕೆ ಕೊನೆಯಲ್ಲಿ ಬೇರೆ ಸಾಲು. ತಂಡದವರ ಹಾಳೆಯಲ್ಲಿ ‘ಸೊಗಡು’ ಉಳಿಸಿಕೊಂಡಿದ್ದೇನೆ. ಆಫ್ಟರ್‌ಟೇಸ್ಟ್ ಒಂದು ಬಾಕಿ.

ಸಂಪ್ರದಾಯಸ್ಥ, ಉಡುಪಿ:

‘ಅನುರಸ’. ಆಯುರ್ವೇದದಲ್ಲೇ ಇದೆ.

ಓದುಗಿ, ಮಾಗಡಿ:

‘ನುಂಗಿದ ಮೇಲೂ ಬಾಯಲ್ಲಿ ಉಳಿದ ರುಚಿ’ ಅಂತ ಬರೀರಿ ಅಕ್ಕಾ, ಇವರನ್ನೆಲ್ಲ ಕಾಯಬೇಡಿ.