ಅಪ್‌ಡೇಟ್: ಲೇಬರ್ ರೂಮ್ ಪೋಸ್ಟಿಂಗ್ ಕೊನೆಗೂ ಸಿಕ್ತು

ಹುಡುಗರು ಅನ್ನೋ ಕಾರಣಕ್ಕೆ ಬಿ.ಎಸ್‌ಸಿ. ನರ್ಸಿಂಗ್‌ನಲ್ಲಿ ನಮ್ಮನ್ನು ಲೇಬರ್ ರೂಮಿನ (ಹೆರಿಗೆ ಕೋಣೆಯ) ಹೊರಗೇ ಕೂರಿಸ್ತಾರೆ, ಕೇಸ್ ಬುಕ್ (ನಾವೇ ನೋಡಿಕೊಂಡ ಹೆರಿಗೆ ಕೇಸ್‌ಗಳನ್ನು ಬರೆಯೋ ದಾಖಲೆ ಪುಸ್ತಕ) ತುಂಬೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ವಾರ್ಡ್ ಸಿಸ್ಟರ್ ಹತ್ತಿರ ಬಾಯಿಮಾತಲ್ಲಿ ಕೇಳಿದ್ದು ಕೆಲಸಕ್ಕೆ ಬರಲಿಲ್ಲ. ಮೇಲಿನ ಆದೇಶ ಇಲ್ಲದೆ ಅವರಾದರೂ ಏನು ಮಾಡ್ತಾರೆ? ಗೆಳತಿಯರ ಕೇಸ್ ನೋಡಿ ಬರ್ಕೊ ಅನ್ನೋ ಸಲಹೆಯನ್ನಂತೂ ದಯವಿಟ್ಟು ಯಾರೂ ಪಾಲಿಸಬೇಡಿ. ಅದು ಸುಳ್ಳು ದಾಖಲೆ, ಕೈಗೆ ಕೆಲಸವೂ ಬರಲ್ಲ.

ಫಲ ಕೊಟ್ಟಿದ್ದು ಲಿಖಿತ ಅರ್ಜಿ. ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ವಿಭಾಗದ ಮುಖ್ಯಸ್ಥರಿಗೆ, ಪ್ರಾಂಶುಪಾಲರಿಗೆ ಪ್ರತಿ. ಸಿಲಬಸ್‌ನ ಕೇಸ್ ಪಟ್ಟಿ, ನನ್ನ ಕೇಸ್ ಬುಕ್‌ನ ಖಾಲಿ ಪುಟಗಳ ಜೆರಾಕ್ಸ್ ಲಗತ್ತಿಸಿದೆ. ಜೊತೆಗೊಬ್ಬ ಸಹಪಾಠಿನಿ ಇರುವಂತೆ ಜೋಡಿ ಡ್ಯೂಟಿ ಕೊಡಿ ಅಂತಲೂ ಬರೆದೆ. ಈ ಒಂದು ಸಾಲಿಗೇ ಆಕ್ಷೇಪ ಕರಗಿದ್ದು.

ಒಪ್ಪಿಗೆ ಕೇಳುವಾಗ: ನೋವು ಬಿಟ್ಟ ಹೊತ್ತಲ್ಲಿ, ಪರದೆ ಎಳೆದು, ಸಿಸ್ಟರ್ ಎದುರಲ್ಲೇ, "ಅಕ್ಕಾ, ನಾನು ನರ್ಸಿಂಗ್ ವಿದ್ಯಾರ್ಥಿ, ಮಗುವಿನ ಎದೆಬಡಿತ ನೋಡ್ಲಾ? ಬೇಡ ಅಂದ್ರೂ ಪರವಾಗಿಲ್ಲ." ಬೇಡ ಅಂದರೆ ಸುಮ್ಮನೆ ಹೊರಗೆ ಬನ್ನಿ. ಮೊದಲು ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗ್ತಿದೆ ಅಂತ ಗುರುತು ಹಾಕೋ ಚಾರ್ಟ್) ಹಿಡೀರಿ: ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ಹೊಟ್ಟೆ ಮೇಲೆ ಕೈಯಿಟ್ಟು 10 ನಿಮಿಷದಲ್ಲಿ ಎಷ್ಟು ನೋವು ಅನ್ನೋ ಎಣಿಕೆ. ಅಲ್ಲೇ ನಂಬಿಕೆ ಹುಟ್ಟೋದು.

ಅಚ್ಚರಿ ಏನಂದ್ರೆ, ತಕರಾರು ತೆಗೆದವರು ಹೆಚ್ಚಾಗಿ ಹೊರಗಿದ್ದ ಸಂಬಂಧಿಕರು, ಹೆರಿಗೆಗೆ ಬಂದವರಲ್ಲ. ಇನ್ನೊಂದು: ಗಂಡಸು ಅಂತ ನರ್ಸಿಂಗ್ ಕಾಲೇಜಿಗೆ ಸೇರಿಸದಿರೋದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ, ಮಿಸಿಸಿಪ್ಪಿಯ ಹೋಗನ್ ಪ್ರಕರಣದಲ್ಲಿ, 5–4ರ ಬಹುಮತದಿಂದ ಹೇಳಿತ್ತು.

ಅರ್ಜಿಯ ಸ್ವೀಕೃತಿಗೆ ಸೀಲು ಹಾಕಿಸ್ಕೊಳ್ಳೋದು ಮರೀಬೇಡಿ.