ಸಹಾಯ ಬೇಕು: ಹರ್ಟ್ಸ್ ಪ್ರಯೋಗಕ್ಕೆ ಒಂದು ದಿನದ ಮಟ್ಟಿಗೆ ಫ್ರೀಕ್ವೆನ್ಸಿ ಕೌಂಟರ್

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಸ್ 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ವಿದ್ಯುತ್ಕಾಂತೀಯ ಅಲೆಗಳನ್ನು ಅಳೆದ ಬಗೆಯನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ. ಗೋಡೆಗೆ ಸತುವಿನ ತಗಡು ನಿಲ್ಲಿಸಿ, ತಂತಿಯ ಬಳೆಯ ಸಂದಿಯಲ್ಲಿ ಕಿಡಿ ಎಲ್ಲಿ ಹೊಳೆಯುತ್ತದೆ, ಎಲ್ಲಿ ಆರುತ್ತದೆ ಎಂದು ಕತ್ತಲಲ್ಲಿ ನೋಡಿಯೇ ಹರ್ಟ್ಸ್ ತರಂಗದೂರವನ್ನು (ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರ) ಕಂಡುಕೊಂಡರು. ಆವೃತ್ತಿಯನ್ನು, ಅಂದರೆ ಸೆಕೆಂಡಿಗೆ ಎಷ್ಟು ಅಲೆ ಎಂಬುದನ್ನು, ಎಣಿಸುವ ಯಂತ್ರ (ಫ್ರೀಕ್ವೆನ್ಸಿ ಕೌಂಟರ್) ಆಗ ಇರಲಿಲ್ಲ. ಅದನ್ನು ಲೆಕ್ಕ ಹಾಕಿಯೇ ಪಡೆದರು. ಎಂಥ ತಾಳ್ಮೆ!

ಕಿಡಿ ಹಾರಿಸಿದರೆ ಸುತ್ತಲಿನ ರೇಡಿಯೊಗಳಿಗೆ ತೊಂದರೆ. ಹಾಗಾಗಿ 433.92 ಮೆಗಾಹರ್ಟ್ಸ್‌ನ ಪುಟ್ಟ ಟ್ರಾನ್ಸ್‌ಮಿಟರ್ ಬಳಸುತ್ತಿದ್ದೇನೆ. ತರಂಗದೂರ ಸುಮಾರು 69 ಸೆಂ.ಮೀ., ಅಂದರೆ ಹೋಗುವ ಅಲೆ, ಮರಳುವ ಅಲೆ ಸೇರಿ ತಗಡಿನ ಮುಂದೆ ಅದರ ಅರ್ಧದಷ್ಟು ದೂರಕ್ಕೆ, ಪ್ರತಿ 34.5 ಸೆಂ.ಮೀ.ಗೊಮ್ಮೆ ಸಂಕೇತ ಕುಗ್ಗಬೇಕು. ನನಗೆ ಒಮ್ಮೆ 30, ಇನ್ನೊಮ್ಮೆ 41 ಬರುತ್ತಿದೆ. ಕೊಠಡಿಯ ಕಬ್ಬಿಣದ ಬೆಂಚುಗಳಿಂದ ಮರಳುವ ಅಲೆಗಳೇ ಕಾರಣವಿರಬಹುದೇ? ಬಯಲಿನಲ್ಲಿ ಮಾಡಿದರೆ ಸರಿಹೋದೀತೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಇನ್ನೆರಡು ಕೋರಿಕೆ. ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ, ಸಂಕೇತ ಹಿಡಿಯಲು ಬೇಕಾದ ಜರ್ಮೇನಿಯಂ ಡಯೋಡ್ ಕೇಳಿದರೆ ಸಿಲಿಕಾನ್ ಡಯೋಡ್ ಕೊಟ್ಟರು. ಇಷ್ಟು ಕ್ಷೀಣ ಸಂಕೇತಕ್ಕೆ ಅದು ಮಿಸುಕುವುದೇ ಇಲ್ಲ. ಅಸಲಿ ಜರ್ಮೇನಿಯಂ ಎಲ್ಲಿ ಸಿಗುತ್ತದೆ? ಜೊತೆಗೆ, 500 ಮೆಗಾಹರ್ಟ್ಸ್‌ವರೆಗೆ ಅಳೆಯುವ ಫ್ರೀಕ್ವೆನ್ಸಿ ಕೌಂಟರನ್ನು ಒಂದು ಶನಿವಾರಕ್ಕೆ ಯಾರಾದರೂ ಕೊಡುವಿರಾ? ಮಕ್ಕಳು ಅಳೆದ ತರಂಗದೂರವನ್ನು ಯಂತ್ರ ತೋರಿಸುವ ಆವೃತ್ತಿಯಿಂದ ಗುಣಿಸಿ, ಬೆಳಕಿನ ವೇಗವನ್ನು ತಾವೇ ಕಾಣಬೇಕು. ನಾನೇ ಬಂದು ಒಯ್ದು, ಸಂಜೆಯೊಳಗೆ ಜೋಪಾನವಾಗಿ ಹಿಂದಿರುಗಿಸುತ್ತೇನೆ.